ಜಿಯೋಸೆಲ್ ಮೇಡಂ

"ಈ ಪ್ಲಾಸ್ಟಿಕ್ ಜಾಳಿಗಿ ತಗೊಂಡು ಹೋಗ್ರಿ. ಮನ್ಯಾಗ ಉಳ್ಳಾಗಡ್ಡಿ ತುಂಬಾಕ ಬರ್ತೈತಿ. ಗುಡ್ಡಕ್ಕ ಬ್ಯಾಡ."

"ನಮ್ಮ ಮನ್ಯಾಗ ಉಳ್ಳಾಗಡ್ಡಿ ತರೂದಿಲ್ರೀ ಮೇಸ್ತ್ರಿ. ಬೇರೆ ಏನರೆ ಬೈರಿ."

"ಬೈಯಾಕತ್ತಿಲ್ಲ, ಖರೇ ಹೇಳಾಕತ್ತೀನಿ. ಇಪ್ಪತ್ತೆರಡು ವರ್ಷದಿಂದ ಕಲ್ಲು ಕಟ್ಟೀನಿ. ಮಣ್ಣು ಅಂದ್ರ ಏನು ಅಂತ ನೀವು ನನಗ ಹೇಳಿಕೊಡ್ತೀರೇನು?"

"ಅದಕ್ಕೇ ಬಂದೀನಿ. ನಿಮ್ಮ ಕಲ್ಲು ಅಲ್ಲಿ ಕೆಳಗ ಬಿದ್ದಾವ. ಅವನ್ನ ನೋಡ್ಕೋತ ಮಾತಾಡ್ರಿ."

ಗ್ಯಾಂಗಿನವರೆಲ್ಲ ಗುದ್ದಲಿ ಊರಿ ನಿಂತು ಕೇಳುತ್ತಿದ್ದರು. ಇಪ್ಪತ್ತೆರಡು ವರ್ಷದಲ್ಲಿ ನನ್ನ ಮಾತಿಗೆ ಎದುರು ಮಾತು ಕೇಳಿದ್ದು ಅವರಿಗೆ ಅದೇ ಮೊದಲು. ಬುಟ್ಟಿ ಹೊರುವ ಗುರುಬಾಯಿಯಂತೂ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಅಳಲಿಕ್ಕಲ್ಲ.

ಕಲ್ಲು ಬಿದ್ದದ್ದು ಸುಳ್ಳಲ್ಲ. ಬಾಲಾನಗರ ದಾಟಿದ ಮೇಲೆ ಒಂದು ಗುಡ್ಡ, ಅದರ ತಲೆಯ ಮೇಲೆ ಹನ್ನೊಂದು ಮನೆಗಳ ಒಂದು ಕಾಲೊನಿ. ಆ ಮನೆಗಳ ಹಿತ್ತಲು ಮುಗಿಯುವಲ್ಲಿಂದ ಕೆಂಪು ಮೊರಂ ಮಣ್ಣಿನ ಇಳಿಜಾರು. ಮಣ್ಣು ಜಾರದಂತೆ ಅದಕ್ಕೆ ನಾನೇ ಕಲ್ಲು ಹಾಸಿ ಪಿಚ್ಚಿಂಗ್ ಮಾಡಿದ್ದೆ. ಮೊದಲ ಮಳೆಗಾಲಕ್ಕೆ ಕಲ್ಲು ಹೊಟ್ಟೆ ಬಿಟ್ಟಿತು. ಎರಡನೆಯ ಮಳೆಗಾಲಕ್ಕೆ ಬಸುರಿಳಿದಂತೆ ಅಷ್ಟೂ ಕೆಳಗೆ ಬಂತು. ಕಾಲೊನಿಯ ಸೆಕ್ರೆಟರಿ ಸುಬ್ಬರಾಯರು ಒಳ್ಳೆಯ ಮನುಷ್ಯ. ನನ್ನನ್ನು ಕೆಲಸದಿಂದ ಬಿಡಿಸಲಿಲ್ಲ. "ಈ ಸಲ ಜಿಯೋಸೆಲ್ ಅನ್ನೋ ಪ್ಲಾಸ್ಟಿಕ್ ಜಾಳಿಗೆ ಹಾಕೋಣ, ಕಂಪನಿಯ ಮೇಡಂ ತೋರಿಸ್ತಾರೆ, ನೀವೇ ಮಾಡಿ" ಅಂದರು. ಬಿಡಿಸಿದ್ದರೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ.

ಎರಡು ಸಾವಿರದ ಎಂಟನೇ ಇಸವಿಯ ಬೇಸಿಗೆ ಅದು. ನನಗೆ ನಲವತ್ತಾರು. ಹೆಸರು ಅಮರೇಶಪ್ಪ, ರಾಯಚೂರು ಕಡೆಯವನು, ಓದಿದ್ದು ಊರ ಶಾಲೆಯಲ್ಲಿ ಏಳನೇ ತರಗತಿ ತನಕ. ಮದುವೆ ಆಗಿರಲಿಲ್ಲ. ಎರಡು ಸಂಬಂಧ ಬಂದಿದ್ದವು, ಎರಡನ್ನೂ ನನ್ನ ಬಾಯಿ ಕೆಡಿಸಿತು. ಮೊದಲನೆಯ ಕಡೆ ಹುಡುಗಿಯ ಸೋದರಮಾವನ ಜೊತೆ ಜಗಳಾಡಿದೆ. ಎರಡನೆಯವರ ಮನೆಯ ಗೋಡೆ ವಾಲಿತ್ತು. ಚಹಾ ಕುಡಿಯುತ್ತಲೇ ಹೇಳಿಬಿಟ್ಟೆ.

ಜಿಯೋಸೆಲ್ ತಂದ ಮೇಡಂ ಹೆಸರು ಗೋದಾವರಿ. ಹಿಮಾಯತ್‌ನಗರದ ಮನೆಯಿಂದ ಅಮೀರ್‌ಪೇಟ್‌ನಲ್ಲಿ ಬಸ್ಸು ಬದಲಿಸಿ ಬಾಲಾನಗರದ ಕಂಪನಿಗೆ ಬರುತ್ತಿದ್ದಳು. ಪಾಲಿಟೆಕ್ನಿಕ್ಕಿನಲ್ಲಿ ಸಿವಿಲ್ ಓದಿದವಳು. ವಯಸ್ಸು ಮೂವತ್ತೊಂಬತ್ತು ಅಂತ ಆಮೇಲೆ ತಿಳಿಯಿತು. ಕಾಟನ್ ಸೀರೆ, ಕಾಲಿಗೆ ಗಂಡಸರ ಬೂಟು, ತಲೆಗೆ ಹಳದಿ ಹೆಲ್ಮೆಟ್ಟು, ಅದರ ಕೆಳಗೆ ಒಂದು ಎಳೆ ಮಲ್ಲಿಗೆ. ಬೈಯಲು ಬಂದವನಿಗೆ ಆ ಮಲ್ಲಿಗೆ ಬಹಳ ಅಡ್ಡ ಬರುತ್ತಿತ್ತು.

"ಹಿಡೀರಿ ಈ ತುದಿ," ಅಂದಳು. ಹಾರ್ಮೋನಿಯಂ ತಿದಿಯಂತೆ ಮಡಿಚಿದ್ದ ಕಪ್ಪು ಪ್ಲಾಸ್ಟಿಕ್ ಜಾಳಿಗೆಯ ಒಂದು ತುಂಡು, ಹಲಗೆ ಅನ್ನುತ್ತಾರೆ ಅದಕ್ಕೆ. "ಹಿಂದಕ್ಕ ಹೋಗ್ರಿ. ಬಿಡಬ್ಯಾಡ್ರಿ ಮತ್ತ."

ನಾನು ಹಿಂದೆ ಹಿಂದೆ ಹೋದೆ. ಹಲಗೆ ಬಾಯಿ ಬಿಡುತ್ತ ಬಂತು. ಒಂದರ ಪಕ್ಕ ಒಂದು, ಅಂಗೈ ಆಳದ ಗೂಡುಗಳು, ಜೇನುಹುಟ್ಟಿನ ಹಾಗೆ. ಆ ತುದಿಯಲ್ಲಿ ಆಕೆ ಮೈಯ ಭಾರವನ್ನೆಲ್ಲ ಹಿಂದಕ್ಕೆ ಹಾಕಿ ಜಗ್ಗುತ್ತಿದ್ದಳು. ಸಾಲು ನೆಟ್ಟಗಿದೆಯೋ ಇಲ್ಲವೋ ಎಂದು ಒಂದು ಕಣ್ಣು ಅರ್ಧ ಮುಚ್ಚಿ ನನ್ನ ಕಡೆ ನೋಡಿದಳು. ನೋಡಿದ್ದು ಸಾಲನ್ನು, ನನ್ನನ್ನಲ್ಲ. ಅದು ನನಗೆ ಗೊತ್ತಿತ್ತು. ನನ್ನ ಕೈಗಳಿಗೆ ಗೊತ್ತಿರಲಿಲ್ಲ. ಅವು ಹೆಗಲ ಮೇಲಿನ ಟವೆಲ್ ಸರಿಮಾಡಲು ಹೋದವು.

ಹಲಗೆ ಫಟ್ಟನೆ ಮಡಿಚಿಕೊಂಡಿತು. ಗೋದಾವರಿ ಮೇಡಂ ಮೊರಂ ಮೇಲೆ ಕೂತಲ್ಲೇ ಜಾರಿ, ಜಾರಿ, ನನ್ನ ಬಿದ್ದ ಕಲ್ಲಿನ ರಾಶಿಗೆ ಹೋಗಿ ನಿಂತರು.

ಆಕೆ ಎದ್ದು ಸೀರೆ ಜಾಡಿಸಿ, ಹೆಲ್ಮೆಟ್ಟು ಸರಿಮಾಡಿ, ಮೇಲೆ ನೋಡಿದಳು. "ನಿಮ್ಮ ಕಲ್ಲು ಒಂದಕ್ಕರೆ ಉಪಯೋಗ ಬಂದ್ವು ನೋಡ್ರಿ. ನನ್ನ ತಡದ್ವು."

ಗುರುಬಾಯಿ ಸೆರಗು ಬಿಟ್ಟು ನಕ್ಕಳು. ನಾನೂ ನಕ್ಕೆ ಎಂದು ಗ್ಯಾಂಗಿನವರು ಇವತ್ತಿಗೂ ಆಣೆ ಮಾಡಿ ಹೇಳುತ್ತಾರೆ. ನನಗೆ ನೆನಪಿಲ್ಲ.

ಕೆಲಸ ಶುರುವಾಯಿತು. ಗುಡ್ಡದ ತಲೆಯಲ್ಲಿ ಉದ್ದಕ್ಕೂ ಕಾಲುವೆ ತೋಡಿ, ಹಲಗೆಗಳ ಮೇಲಂಚನ್ನು ಅದರೊಳಗೆ ಹೂತು, ಕೊಕ್ಕೆ ಮಾಡಿದ ಕಬ್ಬಿಣದ ಸರಳು ಬಡಿದು ಕೂರಿಸಿದೆವು. ಆಮೇಲೆ ಬಂದಷ್ಟು ಜಾಳಿಗೆಯನ್ನು ಕೆಳಗಿನ ತನಕ ಎಳೆದು ಹರಡಿದೆವು. ಕಪ್ಪು ಜಾಳಿಗೆ ಹೊದ್ದ ಗುಡ್ಡ ನೋಡಲು ಚೆನ್ನಾಗಿತ್ತು, ಆದರೆ ನಾನು ಬಾಯಿಬಿಟ್ಟು ಹೇಳಲಿಲ್ಲ. ಆಕೆ ಉಳಿದ ಹಲಗೆ ತರಿಸಲು ಎರಡು ದಿನ ಬಾಲಾನಗರಕ್ಕೆ ಹೋಗಬೇಕಿತ್ತು.

"ಅಷ್ಟರಾಗ ಮಣ್ಣು ತುಂಬಸ್ರಿ," ಅಂದಳು.

"ತುಂಬಸ್ತೀನಿ," ಅಂದೆ.

ಯಾವ ಕಡೆಯಿಂದ ಎಂದು ಆಕೆ ಹೇಳಲಿಲ್ಲ. ಆಕೆಯ ಕಸುಬಿನಲ್ಲಿ ಅದನ್ನು ಯಾರೂ ಕೇಳುವುದಿಲ್ಲ. ನಾನೂ ಕೇಳಲಿಲ್ಲ. ನನ್ನ ಕಸುಬಿನಲ್ಲೂ ಅದನ್ನು ಯಾರೂ ಕೇಳುವುದಿಲ್ಲ. ಕಲ್ಲು ಕಟ್ಟುವವನು ಪಾಯದಿಂದ ಮೇಲೇಳುತ್ತಾನೆ. ನನ್ನ ಅಪ್ಪ ಹಾಗೆ ಕಟ್ಟಿದ, ಅವನಪ್ಪ ಹಾಗೆ ಕಟ್ಟಿದ. ನಾವು ಗುಡ್ಡದ ಕಾಲಿನಿಂದ ಬುಟ್ಟಿ ಬುಟ್ಟಿ ಮಣ್ಣು ತುಂಬುತ್ತ, ಬಡಿದು ದಮ್ಮಸು ಮಾಡುತ್ತ ಬಂದೆವು. ಅಚ್ಚುಕಟ್ಟು ಕೆಲಸ. ಮೇಡಂ ಬಂದು ನೋಡಿದಾಗ ಮುಖ ಹೇಗಾಗುತ್ತದೆ ಎಂದು ಎರಡು ದಿನವೂ ಮನಸ್ಸಿನಲ್ಲೇ ನೋಡಿಕೊಂಡೆ.

ಎರಡನೆಯ ದಿನ ಮಧ್ಯಾಹ್ನಕ್ಕೆ ತುಂಬಿದ ಸಾಲುಗಳು ತಮ್ಮ ಭಾರಕ್ಕೆ ಜಾಳಿಗೆಯನ್ನು ಕೆಳಗೆ ಎಳೆದವು. ಮೇಲಿನ ಖಾಲಿ ಗೂಡುಗಳು ಉದ್ದುದ್ದ ಜಗ್ಗಿ ಸೀಳಿನಂತಾದವು. ಸರಳುಗಳು ತಲೆ ಬಗ್ಗಿಸಿದವು. ಆಕೆ ಬಂದದ್ದು ಸರಿಯಾಗಿ ಆಗಲೇ.

"ಕೆಳಗಿಂದ ತುಂಬ್ರಿ ಅಂತ ಯಾರು ಹೇಳಿದ್ರು?"

"ಯಾರು ಹೇಳಬೇಕು? ತಲಿ ಇದ್ದಾಂವ ಯಾರರ ಗ್ವಾಡಿ ಮ್ಯಾಲಿಂದ ಕಟ್ಟತಾನೇನು?"

"ಇದು ಗೋಡಿ ಅಲ್ರಿ. ಮ್ಯಾಲೆ ಕಟ್ಟಿ ಇಳಿಬಿಟ್ಟದ್ದು ಇದು. ಧೋತರ ಒಣಹಾಕಿದ್ಹಂಗ. ಒಣಹಾಕಿದ ಧೋತರದ ಕೆಳಗಿನ ಅಂಚಿಗೆ ಕಲ್ಲು ಕಟ್ಟಿದ್ರ ಏನಾಗ್ತದ?"

"ಹರಿತೈತಿ."

"ಹಾಂ. ತಿಳೀತದ ನಿಮಗ. ಆದ್ರ ಬಾಯಿ ಮುಂದ ಬರ್ತದ, ತಿಳುವಳಿಕಿ ಮುಂದಿನ ಬಸ್ಸಿಗೆ ಬರ್ತದ."

ನಾನು ಉತ್ತರ ಕೊಡಲು ಎದೆ ತುಂಬ ಉಸಿರು ಎಳೆದುಕೊಂಡೆ. ಅಷ್ಟರಲ್ಲಿ ಆಕೆ ಇಳಿಜಾರಿನಲ್ಲಿ ಕೂತು ಒಂದು ಗೂಡಿಗೆ ಕೈ ಹಾಕಿ ಮಣ್ಣು ತೆಗೆಯಲು ಶುರುಮಾಡಿದಳು. "ತಪ್ಪು ನಂದೂ ಅದ," ಅಂದಳು, ಗ್ಯಾಂಗಿನವರ ಎದುರಿಗೇ. "ಮೊದಲನೇ ಮಾತು ಅದನ್ನೇ ಹೇಳಬೇಕಿತ್ತು. ಮರತೆ."

ತಪ್ಪು ತನ್ನದು ಎಂದವರ ಮೇಲೆ ಹೇಗೆ ಸಿಟ್ಟಾಗಬೇಕು ಎಂದು ನನಗೆ ಯಾರೂ ಕಲಿಸಿರಲಿಲ್ಲ. ಎತ್ತಿದ ಸುತ್ತಿಗೆ ಇಳಿಸಲು ಜಾಗ ಸಿಗದವನ ಹಾಗೆ ಸ್ವಲ್ಪ ಹೊತ್ತು ನಿಂತೆ. ಆಮೇಲೆ ಆಕೆಯ ಪಕ್ಕದ ಗೂಡಿನ ಮುಂದೆ ಕೂತೆ.

ತುಂಬಿದ್ದನ್ನು ಖಾಲಿ ಮಾಡಲು ಮೂರು ದಿನ ಬೇಕಾಯಿತು. ನನ್ನ ಜೀವಮಾನದಲ್ಲಿ ನಾನು ಮಾಡಿದ ಕೆಲಸವನ್ನು ನಾನೇ ಕಿತ್ತ ದಿನಗಳು. ಅಷ್ಟು ಸುಖವಾದ ಮೂರು ದಿನ ಅದಕ್ಕೂ ಹಿಂದೆ ಕಂಡಿರಲಿಲ್ಲ.

ಒಂದು ಗೂಡು ಆಕೆಯದು, ಒಂದು ನನ್ನದು. ನಡುವೆ ಅಂಗೈ ಎತ್ತರದ ಕಪ್ಪು ಪಟ್ಟಿ. ಆ ಪಟ್ಟಿಯ ಮೇಲೆ ಆಕೆಯ ಬಳೆ ತಾಗಿ ಸಣ್ಣಗೆ ಸದ್ದಾಗುತ್ತಿತ್ತು. ಸದ್ದು ನಿಂತರೆ ನಾನು ತಲೆ ಎತ್ತುತ್ತಿದ್ದೆ. ತಲೆ ಎತ್ತಿದಾಗ ಆಕೆ ನೋಡುತ್ತಿದ್ದಳು. ಇಬ್ಬರೂ ಮಣ್ಣಿಗೆ ಮರಳುತ್ತಿದ್ದೆವು.

"ಯಾಕ ಹಂಗ ನೋಡ್ತೀರಿ?"

"ನಿಮ್ಮ ಮೂಗಿನ ಮ್ಯಾಲೆ ಮಣ್ಣೈತಿ."

"ಮೂರು ದಿವಸದಿಂದ ಅದ. ಇವತ್ತು ಕಾಣ್ತೇನು?"

ಊಟದ ಹೊತ್ತಿಗೆ ಆಕೆ ಡಬ್ಬಿ ತೆಗೆದು ಮೆಂತ್ಯದ ಹಿಟ್ಟು ಒಂದು ಚಮಚ ನನ್ನ ರೊಟ್ಟಿಯ ಮೇಲೆ ಹಾಕುತ್ತಿದ್ದಳು. ನಾನು ರೊಟ್ಟಿ ಗಂಟಿನಲ್ಲಿದ್ದ ಉಳ್ಳಾಗಡ್ಡಿ ಹೊರಗೆ ತೆಗೆಯುವುದನ್ನು ಬಿಟ್ಟೆ. ಗುರುಬಾಯಿಯ ಕಣ್ಣು ತಪ್ಪಿಸುವುದು ಸಾಧ್ಯವಿರಲಿಲ್ಲ. "ಅಣ್ಣ ಉಳ್ಳಾಗಡ್ಡಿ ಬಿಟ್ಟಾನ," ಎಂದು ಗ್ಯಾಂಗಿಗೆಲ್ಲ ಕೇಳುವ ಹಾಗೆ ಹೇಳಿದಳು. "ಜ್ವರ ಬಂದಿರಬೇಕು."

ಮೂರನೆಯ ದಿನ ಕೊನೆಯ ಸಾಲಿನಲ್ಲಿ ಆಕೆ ಗ್ಯಾಂಗಿಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದಳು.

"ಮುಂದಿನ ಐತವಾರ ನನ್ನ ನೋಡ್ಲಿಕ್ಕೆ ಬರ್ಲಿಕ್ಕತ್ತಾರ. ಕಲಬುರ್ಗಿಯವ್ರು. ಬ್ಯಾಂಕಿನ್ಯಾಗ ಇದ್ದಾರ. ಹೆಂಡತಿ ತೀರಿಕೊಂಡಾರ. ನಮ್ಮ ಅಣ್ಣಗ ಭಾಳ ಮನಸ್ಸಿಗೆ ಬಂದದ."

ಕೈಯಲ್ಲಿದ್ದ ಮಣ್ಣು ಕೈಯಲ್ಲೇ ಉಳಿಯಿತು. ಹೇಳಬೇಕಾದದ್ದು ಒಂದೇ ಮಾತು. ಅದು ಗಂಟಲ ತನಕ ಬಂದಿತ್ತು. ಬಾಯಿಗೆ ಬರುವಷ್ಟರಲ್ಲಿ ಬೇರೆ ಮಾತಾಗಿತ್ತು.

"ಛಲೋ ಆತಲ್ರಿ. ಬ್ಯಾಂಕಿನವ್ರು. ನೆರಳಾಗ ಇರ್ತೀರಿ."

ಒಂದು ಗೂಡು ಖಾಲಿ ಮಾಡುವಷ್ಟು ಹೊತ್ತು ಆಕೆ ನನ್ನನ್ನು ನೋಡಿದಳು.

"ಹಾಂ," ಅಂದಳು. "ನೆರಳಾಗ."

ಅವತ್ತು ಸಂಜೆ ನನ್ನ ಬಾಯಿಂದ ಇದನ್ನು ಕೇಳಿ ಗುರುಬಾಯಿ ನನ್ನನ್ನು ಬೈದದ್ದನ್ನು ಬರೆಯುವ ಹಾಗಿಲ್ಲ.

ಈ ಸಲ ಮೇಲಿನಿಂದ ತುಂಬಿದೆವು. ಮೊದಲ ಸಾಲು, ಅದು ಕೂತ ಮೇಲೆ ಎರಡನೆಯದು, ಹಾಗೇ ಇಳಿಯುತ್ತ ಬಂದು ಶುಕ್ರವಾರಕ್ಕೆ ಗುಡ್ಡದ ಕಾಲು ಮುಟ್ಟಿದೆವು. ಶನಿವಾರ ಮಧ್ಯಾಹ್ನ ಮಿರಗದ, ಅಂದರೆ ಮೃಗಶಿರೆಯ, ಮೊದಲ ಮಳೆ ಬಂತು. ಹನಿ ಅಲ್ಲ, ಕೊಡ ಬಗ್ಗಿಸಿ ಸುರಿದಂತೆ. ನಾನು ಸ್ಕೂಟರ್ ಓಡಿಸಿಕೊಂಡು ಗುಡ್ಡಕ್ಕೆ ಬಂದರೆ ಆಕೆ ಆಗಲೇ ಅಲ್ಲಿದ್ದಳು. ಕೊಡೆ ಮಡಿಚಿ ಕಂಕುಳಲ್ಲಿಟ್ಟುಕೊಂಡು ನೆನೆಯುತ್ತ ನಿಂತಿದ್ದಳು. ಹೆಲ್ಮೆಟ್ಟಿನ ಅಂಚಿನಿಂದ ನೀರು ಆಕೆಯ ಮೂಗಿನ ಮುಂದೆ ಪರದೆಯಂತೆ ಇಳಿಯುತ್ತಿತ್ತು.

"ಕೊಡಿ ಬಿಚ್ಚಬಾರದೇನ್ರಿ?"

"ಬಿಚ್ಚಿದ್ರ ಗುಡ್ಡ ಕಾಣೂದಿಲ್ಲ."

ಇಬ್ಬರೂ ನೋಡಿದೆವು. ನೀರು ಗೂಡಿನಿಂದ ಗೂಡಿಗೆ ಇಳಿದು, ಎಲ್ಲಿಯೂ ಓಡದೆ, ಕೆಳಗೆ ಬಂದಾಗ ಕೆಂಪಾಗದೆ ಬೆಳ್ಳಗಿತ್ತು. ಒಂದು ಬುಟ್ಟಿ ಮಣ್ಣೂ ಕದಲಿರಲಿಲ್ಲ. ಮೇಲೆ ಹನ್ನೊಂದು ಮನೆಯವರು ಕಿಟಕಿಗಳಲ್ಲಿ ನಿಂತಿದ್ದರು. ಸುಬ್ಬರಾಯರು ಹಿತ್ತಲಿನಿಂದ ಕೈ ಮುಗಿದರು, ನಮಗೋ ಮಳೆಗೋ ತಿಳಿಯಲಿಲ್ಲ.

"ನಾನು ಇಡೀ ಗುಡ್ಡನ ಒಂದಾ ಸಲ ತಬ್ಬಿ ಹಿಡಿಯಾಕ ಹೋಗಿದ್ದೆ," ಅಂದೆ. "ನೀರು ಹಿಂದಿಂದ ಬಂದು ದೂಡಿತು. ಇದು ಒಂದೊಂದು ಬೊಗಸಿ ಮಣ್ಣು ಬ್ಯಾರೆ ಬ್ಯಾರೆ ಹಿಡೀತೈತಿ. ನೀರಿಗೂ ದಾರಿ ಬಿಡತೈತಿ."

"ಅಷ್ಟೇ ಇದರ ವಿದ್ಯಾ." ಆಕೆ ನನ್ನ ಕಡೆ ತಿರುಗಿದಳು. ಕಣ್ಣರೆಪ್ಪೆಯ ಮೇಲೆ ಒಂದು ಹನಿ ಬೀಳಲೋ ಬೇಡವೋ ಎಂದು ನಿಂತಿತ್ತು. "ಮತ್ತೇನರೆ ಹೇಳೋದು ಅದ ಏನ್ರಿ, ಮೇಸ್ತ್ರಿ?"

ಇತ್ತು. ದೇವರಾಣೆಗೂ ಇತ್ತು.

"ಹುಲ್ಲಿನ ಬೀಜ ಯಾವಾಗ ಹಾಕೂದ್ರಿ?" ಅಂದೆ.

ಆಕೆ ಕೊಡೆ ಬಿಚ್ಚಿದಳು. "ಸೋಮವಾರ ಕಂಪನಿಯಿಂದ ಬೇರೆಯವ್ರು ಬರ್ತಾರ. ಅವ್ರಿಗೆ ಕೇಳ್ರಿ," ಎಂದು ಬಸ್‌ಸ್ಟಾಪಿನ ಕಡೆ ನಡೆದಳು.

ಐತವಾರ ಬೆಳಗ್ಗೆ ಗುರುಬಾಯಿ ನನ್ನ ಬಾಗಿಲಿಗೆ ಬಂದಳು. ಸುಬ್ಬರಾಯರು ಕೊಟ್ಟಿದ್ದ ಕಾಗದ ಅವಳ ಕೈಯಲ್ಲಿತ್ತು. ಕೆಲಸ ಮುಗಿದಿದೆ ಎಂಬ ಕಾಗದ, ಮೇಡಂ ಸಹಿ ಬೇಕು. ಅವಸರವೇನೂ ಇರಲಿಲ್ಲ.

"ಇದನ್ನ ಹಿಡಕೊಂಡು ಹಿಮಾಯತ್‌ನಗರಕ್ಕ ನಡಿ ಅಣ್ಣ."

"ಹೋಗಿ ಏನು ಮಾತಾಡ್ಲಿ?"

"ಮಾತಾಡಾಕ ನಿನಗ ಎಲ್ಲಿ ಬರ್ತೈತಿ? ಬೈಯಾಕರ ಬರ್ತೈತಲ್ಲ, ಹೋಗಿ ಬೈದು ಬಾ."

ಮನೆ ಮೊದಲನೇ ಮಹಡಿಯಲ್ಲಿತ್ತು. ಬಾಗಿಲು ತೆಗೆದವರು ಆಕೆಯ ಅಣ್ಣ ಪ್ರಾಣೇಶರಾಯರು, ಸರಕಾರಿ ನೌಕರಿಯವರು, ಇಸ್ತ್ರಿ ಮಾಡಿದ ಬಿಳಿ ಅಂಗಿ. ಕಾಗದ ನೋಡಿ, "ಕಂಪನಿ ಮನುಷ್ಯಾ ಏನು? ಒಂಚೂರು ತಡೀರಿ, ಮಂದಿ ಬಂದಾರ," ಎಂದು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂರಿಸಿದರು. ತಾಯಿ ತುಳಸಾಬಾಯಿ ಯಾರು ಏನು ಎಂದು ಕೇಳದೆ ನನಗೂ ಒಂದು ತಾಟು ಅವಲಕ್ಕಿ ಕೊಟ್ಟರು.

ಎದುರಿನ ಸೋಫಾದಲ್ಲಿ ಗಂಡು ವಾಸುದೇವರಾಯರು, ಪಕ್ಕದಲ್ಲಿ ಅವರ ಅಕ್ಕ ಉಮಾಬಾಯಿ. ಗೋದಾವರಿ ಒಳಬಾಗಿಲ ಹತ್ತಿರ ಕುರ್ಚಿಯಲ್ಲಿ ಕೂತಿದ್ದಳು. ನೀಲಿ ರೇಷ್ಮೆ ಸೀರೆ, ಮೂಗಿನ ಮೇಲೆ ಮಣ್ಣಿಲ್ಲ. ನನ್ನನ್ನು ನೋಡಿದಳು. ಹುಬ್ಬು ಒಂದಿಷ್ಟು ಮೇಲೆ ಹೋಯಿತು, ಅಲ್ಲೇ ನಿಂತಿತು.

ವಾಸುದೇವರಾಯರು ಕೆಟ್ಟ ಮನುಷ್ಯ ಅಲ್ಲ. ಮೆತ್ತಗೆ ಮಾತಾಡುತ್ತಿದ್ದರು. "ನಾನು ಮೊದಲೇ ಹೇಳಿಬಿಡ್ತೀನ್ರಿ," ಅಂದರು. "ಮದುವಿ ಆದಮ್ಯಾಲೆ ಈ ಗುಡ್ಡ, ಮಣ್ಣು ಎಲ್ಲಾ ಬಿಡಬೇಕಾಗ್ತದ."

"ಅದೇನ್ರಿ," ಅಂದರು ಪ್ರಾಣೇಶರಾಯರು. "ಟೈಂಪಾಸಿಗೆ ಹೋಗ್ತಾಳ. ನಾಳೆ ಬಿಡು ಅಂದ್ರ ನಾಳೆ ಬಿಡ್ತಾಳ."

"ಟೈಂಪಾಸ್ ಅಲ್ರಿ ಅದು."

ಎಲ್ಲರೂ ಸ್ಟೂಲಿನ ಕಡೆ ತಿರುಗಿದರು. ಆಗಲೇ ನನಗೂ ಗೊತ್ತಾದದ್ದು, ಮಾತಾಡಿದವನು ನಾನು ಎಂದು.

"ಆ ಗುಡ್ಡದ ಮ್ಯಾಲೆ ಹನ್ನೊಂದು ಮನಿ ಅದಾವ. ನಾ ಕಟ್ಟಿದ್ದು ಬಿದ್ದು ಹೋತು. ಇವ್ರು ಕಟ್ಟಿಸಿದ್ದು ನಿನ್ನಿ ಮಳ್ಯಾಗ ನಿಂತೈತಿ. ನೀವು ಒಮ್ಮೆರ ಹೋಗಿ ನೋಡೀರೇನು? ನೋಡದ ಟೈಂಪಾಸ್ ಅಂತೀರಿ."

"ಮೇಸ್ತ್ರಿ, ಸಹಿ ತಗೊಂಡು ಹೊರಡ್ರಿ ನೀವು," ಅಂದರು ಪ್ರಾಣೇಶರಾಯರು.

"ಸಹಿ ಬ್ಯಾಡ್ರಿ. ಸಹಿ ನೆವ." ಎದ್ದು ನಿಂತೆ. ತಾಟು ಕೈಯಲ್ಲೇ ಇತ್ತು. ಇಡಲು ಜಾಗ ಕಾಣದೆ ಅದನ್ನು ಹಿಡಿದುಕೊಂಡೇ ಗೋದಾವರಿಯ ಕಡೆ ತಿರುಗಿದೆ. "ಬಾಯಾರ, ನನಗ ಸಿಟ್ಟು ಭಾಳ. ಇಂಗ್ಲಿಷ್ ಬರೂದಿಲ್ಲ. ಜಾತಿ ಬ್ಯಾರೆ. ಇದೆಲ್ಲಾ ನಿಮಗ ಗೊತ್ತೈತಿ. ಗೊತ್ತಿಲ್ಲದ್ದು ಒಂದೈತಿ. ನೀವು ಗುಡ್ಡಕ್ಕ ಬರದ ದಿನ ನನಗ ಯಾರನ್ನೂ ಬೈಯಾಕ ಮನಸ್ಸಾಗೂದಿಲ್ಲ. ಇಡೀ ದಿನ ಸುಮ್ಮಕ ಇರ್ತೀನಿ. ಗ್ಯಾಂಗಿನವ್ರು ಅಂಜತಾರ."

ಉಮಾಬಾಯಿ ತಮ್ಮನ ಕಡೆ ನೋಡಿದರು. ವಾಸುದೇವರಾಯರು ಅವಲಕ್ಕಿಯ ಕಡೆ ನೋಡಿದರು.

ಗೋದಾವರಿ ಎದ್ದಳು. "ಇದನ್ನ ನಿನ್ನೆ ಹೇಳ್ಲಿಕ್ಕೆ ಏನಾಗಿತ್ತು ನಿಮಗ?"

"ಮಳಿ ಬರಾಕತ್ತಿತ್ತು."

"ಮಳಿ ಬಂದ್ರ ನಾಲಿಗಿ ನೆನೀತದೇನು? ಅಷ್ಟು ಕೇಳಿದೆ, ಬೀಜದ ಮಾತು ತೆಗದ್ರಿ."

"ನೀವರ ಒಂದು ಮಾತು ಕೇಳಬಾರದೇನ್ರಿ ಮತ್ತ? ಎಲ್ಲಾ ನಾನಾ ಹೇಳಬೇಕು?"

"ಕೇಳಲಿಲ್ಲೇನು? ಮತ್ತೇನರೆ ಅದ ಏನು ಅಂತ ಬಾಯಿಬಿಟ್ಟು ಕೇಳಲಿಲ್ಲೇನು?"

"ಗೋದಾ," ಅಂದರು ಪ್ರಾಣೇಶರಾಯರು. "ಒಳಗ ನಡಿ."

ಆಕೆ ಅಣ್ಣನನ್ನು ನೋಡಿದಳು. ದನಿ ಇಳಿಯಿತು. "ಹದಿನಾಲ್ಕು ವರ್ಷ ಆತು ಅಣ್ಣಾ ನಾ ಈ ಕೆಲಸಕ್ಕ ಹೋಗ್ಲಿಕ್ಕತ್ತು. ನಿನ್ನ ಮಕ್ಕಳಿಗೆ ನಾ ಏನು ಕೆಲಸ ಮಾಡ್ತೀನಿ ಅಂತ ಕೇಳಿದ್ರ ಹೇಳ್ಲಿಕ್ಕೆ ಬರ್ತದೇನು? ನಿನಗರೆ ಬರ್ತದೇನು?"



ಗೋದಾವರಿ ಒಳಗೆ ಹೋದಳು. ಅಣ್ಣನ ಮಾತು ಕೇಳಿದಳು, ಮುಗಿಯಿತು ಎಂದುಕೊಂಡೆ. ಮತ್ತೆ ಸ್ಟೂಲಿನ ಮೇಲೆ ಕೂತೆ. ಒಂದೆರಡು ನಿಮಿಷಕ್ಕೆ ಹೆಗಲಿಗೆ ಬ್ಯಾಗು ಹಾಕಿಕೊಂಡು ಹೊರಗೆ ಬಂದಳು. ತಾಯಿಯ ಕಾಲು ಮುಟ್ಟಿದಳು. ಬಂದವರಿಗೆ ಕೈ ಮುಗಿದು, "ನಿಮಗ ತ್ರಾಸ ಆತು, ತಪ್ಪು ತಿಳೀಬ್ಯಾಡ್ರಿ," ಅಂದಳು. ಚಪ್ಪಲಿ ಮೆಟ್ಟಿ ಮೆಟ್ಟಿಲು ಇಳಿದು ಹೋದಳು.

ನಾನು ತಾಟು ಹಿಡಿದು ಕೂತೇ ಇದ್ದೆ. ತುಳಸಾಬಾಯಿ ಬಂದು ನನ್ನ ಕೈಯಿಂದ ತಾಟು ಕಿತ್ತುಕೊಂಡರು. "ಏಳ್ರಿ," ಎಂದು ನನಗಷ್ಟೇ ಕೇಳುವ ಹಾಗೆ ಹೇಳಿದರು. "ಭಾಳ ಹೊತ್ತು ಕಾಯೋ ಪೈಕಿ ಅಲ್ಲ ಆಕಿ."

ಕೆಳಗೆ ಆಕೆ ಸ್ಕೂಟರಿನ ಪಕ್ಕದಲ್ಲಿ ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತಿದ್ದಳು.

"ಗುರುಬಾಯಿ ಮನಿಗೆ ನಡೀರಿ. ಮದುವಿ ತನಕ ಅಲ್ಲೇ ಇರ್ತೀನಿ. ಆಕಿಗೆ ಫೋನ್ ಮಾಡಿ ಹೇಳೀನಿ."

"ಯಾರ ಮದುವಿರಿ? ನಾ ಇನ್ನೂ ಕೇಳಾ ಇಲ್ಲ."

"ಈಗ ಕೇಳ್ರಿ. ಹಿಂದ ಆಟೋದವ್ರು ಹಾರ್ನ್ ಹೊಡೀಲಿಕ್ಕತ್ತಾರ."

ಕೇಳಿದೆ. ಏನೆಂದು ಕೇಳಿದೆನೋ ಹಾರ್ನಿನ ಸದ್ದಿನಲ್ಲಿ ನನಗೇ ಕೇಳಿಸಲಿಲ್ಲ. ಆಕೆಗೆ ಕೇಳಿಸಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿಂದೆ ಕೂತಳು. ನನ್ನ ಹೆಗಲ ಮೇಲೆ ಒಂದು ಕೈ ಇಟ್ಟಳು, ಮೆಲ್ಲಗೆ.

ಮೇಲಿನ ಬಾಲ್ಕನಿಯಿಂದ ಪ್ರಾಣೇಶರಾಯರು ಕರೆದರು. "ಗೋದಾ, ಮ್ಯಾಲೆ ಬಾ. ಮಂದಿ ಕೂತಾರ." ಆ ಕೈ ಒಂದು ಕ್ಷಣ ಬಿಗಿಯಾಯಿತು. ಆಕೆ ತಲೆ ಎತ್ತಲಿಲ್ಲ.

ನಾವು ಹೋದ ಮೇಲೆ ಮನೆಯಲ್ಲಿ ನಡೆದದ್ದನ್ನು ಮುಂದೊಂದು ದಿನ ತುಳಸಾಬಾಯಿಯವರೇ ಹೇಳಿದರು. ಅಣ್ಣ ಒಳಗೆ ಬಂದು, "ಸಿಟ್ಟಿನ ಹುಡುಗಿ, ಸಂಜಿಗೆ ಬರ್ತಾಳ," ಎಂದು ಬಂದವರಿಗೆ ಹೇಳಿದರಂತೆ. ಅವರು ಇನ್ನೊಂದು ಸುತ್ತು ಚಹಾ ಕುಡಿದು, ಸ್ವಲ್ಪ ಹೊತ್ತು ದಾರಿ ನೋಡಿ, ಕಲಬುರ್ಗಿ ಬಸ್ಸಿಗೆ ಹೊತ್ತಾಯಿತೆಂದು ಎದ್ದರಂತೆ. ಅಣ್ಣ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಕೂತರಂತೆ. ತುಳಸಾಬಾಯಿ ಯಾರ ದಾರಿಯನ್ನೂ ನೋಡಲಿಲ್ಲ. ಒಳಗೆ ಹೋಗಿ ಟ್ರಂಕು ಎಳೆದು, ಮಗಳ ಉಳಿದ ಸೀರೆಗಳನ್ನು ಒಂದೊಂದಾಗಿ ಮಡಿಚಿ ಅದಕ್ಕೆ ತುಂಬುತ್ತ ಕೂತರು.